ಗಾಲ್ಫ್ ಚೆಂಡು ಕೊಳ್ಳುವ ಮುಂಚೆ: ಗ್ರೀನ್‌ನಿಂದ ಶುರು ಮಾಡಿ, ಅಂಗಡಿಗೆ ಆಮೇಲೆ ಹೋಗಿ

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಗಾಲ್ಫ್ ಬ್ಯಾಗ್‌ನ ಜಿಪ್ ತೆಗೆದು, ಒಳಗಿರುವ ಚೆಂಡನ್ನೆಲ್ಲ ಮಂಚದ ಮೇಲೆ ಸುರಿಯಿರಿ.

ಹೋದ ತಿಂಗಳು ನಮ್ಮಕ್ಕನ ಮಗ ಮಂಡ್ಯದಿಂದ ಬಂದಿದ್ದ. ಗಾಲ್ಫ್ ಹಿಡಿದು ಒಂದು ವರ್ಷ ಆಗಿದೆ. ಭಾನುವಾರ ಕತ್ತಲಲ್ಲೇ ಹೊರಟು ಮೈಸೂರಿಗೆ ಬರುತ್ತಾನೆ, ಅಷ್ಟು ಆಸೆ. "ಮಾವ, ಯಾವ ಬಾಲ್ ತಗೊಳ್ಲಿ? ನೀವು ಒಂದು ಹೆಸರು ಹೇಳ್ಬಿಡಿ ಸಾಕು" ಅಂದ. ನಾನು ಹೆಸರು ಹೇಳಲಿಲ್ಲ. ಬ್ಯಾಗ್ ಸುರಿ ಅಂದೆ. ಒಟ್ಟು 23 ಚೆಂಡು ಉರುಳಿದವು. ಒಂದೊಂದೇ ತಿರುಗಿಸಿ ಬೇರೆ ಬೇರೆ ಇಟ್ಟರೆ ಒಂಬತ್ತು ಬಗೆ. ಕೆಲವು ಕೊಂಡಿದ್ದು, ಕೆಲವು ಪೊದೆಯಲ್ಲಿ ಸಿಕ್ಕಿದ್ದು, ಎರಡು ಯಾರದೋ ಕಂಪನಿ ಲೋಗೋ ಇರುವ ಉಡುಗೊರೆ.

"ಒಂದು ಹೋಲ್‌ನಲ್ಲಿ ಚಿಪ್ ಮಾಡಿದ್ರೆ ನಿಲ್ಲುತ್ತೆ, ಮುಂದಿನ ಹೋಲ್‌ನಲ್ಲಿ ಅದೇ ಥರ ಮಾಡಿದ್ರೆ ಗ್ರೀನ್ ದಾಟಿ ಓಡಿಹೋಗುತ್ತೆ ಅಂತಿದ್ದೆಯಲ್ಲ, ಕಾರಣ ಇಲ್ಲೇ ಇದೆ ನೋಡು" ಅಂದೆ. ಗ್ರೀನ್ ಅಂದರೆ ಚೆಂಡು ಬೀಳಿಸುವ ತೂತು ಇರುವ ನುಣ್ಣನೆ ಹುಲ್ಲಿನ ಜಾಗ, ಚಿಪ್ ಅಂದರೆ ಅದರ ಹತ್ತಿರದಿಂದ ಹೊಡೆಯುವ ಪುಟ್ಟ ಹೊಡೆತ. ಅವನ ಕೈಯ ತಪ್ಪೂ ಇರಬಹುದು. ಆದರೆ ಚೆಂಡು ದಿನಕ್ಕೊಂದು ಆದರೆ ತಪ್ಪು ಕೈಯದ್ದೋ ಚೆಂಡಿನದ್ದೋ ಅಂತ ಗೊತ್ತಾಗುವುದು ಹೇಗೆ?

ಗಾಲ್ಫ್‌ನಲ್ಲಿ 14 ಕ್ಲಬ್, ಅಂದರೆ ಹೊಡೆಯುವ ಕೋಲು, ಒಯ್ಯಬಹುದು. ಒಂದೊಂದು ಹೊಡೆತಕ್ಕೆ ಒಂದೊಂದು. ಪ್ರತಿ ಹೊಡೆತದಲ್ಲೂ ಇರುವುದು ಚೆಂಡು ಮಾತ್ರ. ದೂರ ಹೊಡೆಯುವ ಡ್ರೈವರ್ ಅನ್ನುವ ಕೋಲು ಕೊಳ್ಳಲು ಆರು ತಿಂಗಳು ಯೋಚಿಸುವವರು ಚೆಂಡನ್ನು ಕೌಂಟರ್‌ನಲ್ಲಿ ನಿಂತು ಒಂದು ನಿಮಿಷಕ್ಕೆ ಆರಿಸಿಬಿಡುತ್ತಾರೆ. ಅದು ಉಲ್ಟಾ ಆಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಲೆಕ್ಕ

ಮುಂದಿನ ಮೂರು ರೌಂಡ್ ಆಡುವಾಗ ಸ್ಕೋರ್‌ಕಾರ್ಡ್‌ನ ಹಿಂದೆ ಎರಡೇ ಎರಡು ವಿಷಯ ಬರೆಯಿರಿ. ಎಷ್ಟು ಚೆಂಡು ಕಳೆಯಿತು? ಗ್ರೀನ್‌ನಿಂದ ಐವತ್ತು ಗಜದ ಒಳಗೆ, ಪಟ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ಸೇರಿಸಿ, ಎಷ್ಟು ಹೊಡೆತ ಆಡಿದಿರಿ?

ಸಾಮಾನ್ಯ ಕೋರ್ಸ್‌ನಲ್ಲಿ 18 ಹೋಲ್ ಆಡಿದರೂ ಡ್ರೈವರ್ ಕೈಗೆ ಬರುವುದು ಸುಮಾರು 14 ಸಲ. ಮೂರೇ ಹೊಡೆತದಲ್ಲಿ ಮುಗಿಸಬೇಕಾದ ಪುಟ್ಟ ಪಾರ್ 3 ಹೋಲ್‌ಗಳಲ್ಲಿ ಅದರ ಕೆಲಸ ಇಲ್ಲ. ಪಟ್ ಆದರೆ ಪ್ರತಿ ಹೋಲ್‌ಗೆ ಎರಡೇ ಅಂದುಕೊಂಡರೂ 36. ಅದರ ಮೇಲೆ ಚಿಪ್, ಬಂಕರ್ ಅನ್ನುವ ಮರಳ ಗುಂಡಿಯ ಹೊಡೆತ, ವೆಜ್ ಅನ್ನುವ ಓರೆ ಮುಖದ ಕೋಲಿನ ಅರ್ಧ ಬೀಸು ಸೇರಿಸಿ. 18 ಹೋಲ್‌ಗೆ ನೂರರ ಆಸುಪಾಸು ಹೊಡೆತ ತೆಗೆದುಕೊಳ್ಳುವವರ ಹೆಚ್ಚುಕಮ್ಮಿ ಅರ್ಧ ಹೊಡೆತ ಗ್ರೀನ್ ಸುತ್ತಮುತ್ತಲೇ ಮುಗಿಯುತ್ತದೆ. ಆದರೂ ಚೆಂಡಿನ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಏನು? 'ಲಾಂಗ್', 'ಡಿಸ್ಟೆನ್ಸ್'. ನೀವು ಡಬ್ಬಿ ನೋಡಬೇಡಿ, ನಿಮ್ಮ ಕಾರ್ಡ್ ನೋಡಿ.

ಕಳೆದ ಚೆಂಡಿನ ಲೆಕ್ಕ ಹಣದ್ದು. ಡಜನ್‌ಗೆ 2400 ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದಕ್ಕೆ 200. ರೌಂಡ್‌ಗೆ ಮೂರು ಕಳೆದರೆ 600. ಅದರ ಎರಡರಷ್ಟು ಬೆಲೆಯ ಚೆಂಡಾದರೆ ರೌಂಡ್‌ಗೆ 1200. ತಿಂಗಳಿಗೆ ನಾಲ್ಕು ಸಲ ಆಡುವವರು ಇದನ್ನು ನಾಲ್ಕರಿಂದ ಗುಣಿಸಿ ನೋಡಿ. ಜೊತೆಗೆ ಇನ್ನೊಂದು. ದುಬಾರಿ ಚೆಂಡು ಕಳೆದುಹೋದೀತು ಅನ್ನುವ ಭಯ ಕೈಗೆ ಇಳಿದರೆ, ಕೈ ಬಿಗಿಯುತ್ತದೆ. ಬಿಗಿದ ಕೈಯಿಂದ ಹೊಡೆದ ಚೆಂಡು ಬೇಲಿ ಕಡೆಗೇ ಹೋಗುತ್ತದೆ. ಭಯವಿಲ್ಲದೆ ಆಡಬಲ್ಲ ಬೆಲೆ ಎಷ್ಟೋ ಅದೇ ನಿಮ್ಮ ಬೆಲೆ.

ಚೆಂಡಿನ ಒಳಗೆ ಏನಿದೆ

ಗಾತ್ರ, ತೂಕದ ಬಗ್ಗೆ ನೀವು ತಲೆಕೆಡಿಸಿಕೊಳ್ಳಬೇಕಿಲ್ಲ. ನಿಯಮದ ಪ್ರಕಾರ ಚೆಂಡು 45.93 ಗ್ರಾಂಗಿಂತ ಭಾರ ಇರಬಾರದು, ಅದರ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಹೆಸರಾಂತ ಕಂಪನಿಗಳ ಚೆಂಡೆಲ್ಲ ಈ ಅಳತೆಯಲ್ಲೇ ಇರುತ್ತವೆ. ಗಾಲ್ಫ್ ನಿಯಮ ಮಾಡುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ನಿಯಮಕ್ಕೆ ಒಪ್ಪುವ ಚೆಂಡುಗಳ ಪಟ್ಟಿಯನ್ನೇ ಕೊಡುತ್ತವೆ. ಟೂರ್ನಮೆಂಟ್ ಆಡುವವರು ಹೆಸರು ಕೇಳದ ಚೆಂಡು ಕೊಳ್ಳುವ ಮೊದಲು ಆ ಪಟ್ಟಿಯಲ್ಲಿ ಹುಡುಕಿ.

ಮೇಲಿನ ಗುಳಿಗಳ ಕತೆ ಚೆನ್ನಾಗಿದೆ. 1848ರ ಸುಮಾರಿಗೆ ಸ್ಕಾಟ್ಲೆಂಡ್‌ನಲ್ಲಿ ಗಟ್ಟಾ ಪರ್ಚಾ ಅನ್ನುವ ಮರದ ಅಂಟಿನಿಂದ ಚೆಂಡು ಮಾಡಲು ಶುರು ಮಾಡಿದರು. ಹೊಸತರಲ್ಲಿ ಅವು ನುಣ್ಣಗಿರುತ್ತಿದ್ದವು. ಆಡಿ ಆಡಿ ಮೈಯೆಲ್ಲ ಗೀರು ಬಿದ್ದ ಹಳೇ ಚೆಂಡು ಹೊಸದಕ್ಕಿಂತ ಚೆನ್ನಾಗಿ ಹಾರುತ್ತದೆ ಅಂತ ಕಂಡುಕೊಂಡವರು ಆಟಗಾರರೇ. ಆಮೇಲೆ ಬೇಕಂತಲೇ ಗೀರು ಹಾಕತೊಡಗಿದರು. 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಗುಳಿಗಳ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಗುಳಿ ಇದ್ದರೆ ಗಾಳಿ ಚೆಂಡಿನ ಮೈಗೆ ಅಂಟಿಕೊಂಡು ಹಿಂದಿನವರೆಗೂ ಹರಿಯುತ್ತದೆ, ಹಿಂದಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ. ಗುಳಿ ಇಲ್ಲದ ಚೆಂಡು ಹೆಚ್ಚುಕಮ್ಮಿ ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ. ಈಗಿನ ಚೆಂಡುಗಳಲ್ಲಿ ಸಾಮಾನ್ಯವಾಗಿ 300ರಿಂದ 400 ಗುಳಿ. 'ನಮ್ಮಲ್ಲಿ ಇಷ್ಟು ಗುಳಿ ಜಾಸ್ತಿ' ಅನ್ನುವ ಜಾಹೀರಾತು ನೋಡಿ ಮಾತ್ರ ಚೆಂಡು ಆರಿಸಬೇಡಿ. ಆದರೆ ಗುಳಿಯಲ್ಲಿ ಮಣ್ಣು ತುಂಬಿದ್ದರೆ ಒರೆಸಿ. ಮಳೆಗಾಲದ ನಮ್ಮ ಕೆಂಪು ಮಣ್ಣು ಒಂದು ಪಕ್ಕಕ್ಕೆ ಮೆತ್ತಿಕೊಂಡರೆ ಚೆಂಡು ಹಾರುವ ದಾರಿಯೇ ಬದಲಾಗುತ್ತದೆ.

ನೀವು ನಿಜವಾಗಿ ನೋಡಬೇಕಾದ್ದು ಹೊರಗಿನ ಸಿಪ್ಪೆ. ಮಾವಿನಹಣ್ಣನ್ನು ನೆನೆಯಿರಿ. ನಡುವೆ ಓಟೆ, ಅದರ ಸುತ್ತ ತಿರುಳು, ಮೇಲೆ ಸಿಪ್ಪೆ. ಚೆಂಡಿನ ನಡುವೆ ಇರುವುದು ರಬ್ಬರ್ ಉಂಡೆ. ಟು ಪೀಸ್ ಚೆಂಡಿನಲ್ಲಿ ಉಂಡೆ ಮತ್ತು ಸಿಪ್ಪೆ ಎರಡೇ. ತ್ರೀ ಪೀಸ್‌ನಲ್ಲಿ ನಡುವೆ ಇನ್ನೊಂದು ಪದರ. ನಾಲ್ಕು, ಐದು ಪದರದವೂ ಇವೆ. ಪದರ ಎಷ್ಟು ಅನ್ನುವುದಕ್ಕಿಂತ ಸಿಪ್ಪೆ ಯಾವುದು ಅನ್ನುವುದು ಮುಖ್ಯ.

ಸಿಪ್ಪೆಯಲ್ಲಿ ಎರಡು ಜಾತಿ. ಒಂದು ಐಯೋನೋಮರ್. ಡುಪಾಂಟ್ ಕಂಪನಿ ಇಟ್ಟ ಸರ್ಲಿನ್ ಅನ್ನುವ ಹೆಸರೇ ಜಾಸ್ತಿ ಬಳಕೆಯಲ್ಲಿದೆ. ಗಟ್ಟಿ, ಬಾಳಿಕೆ ಬರುತ್ತದೆ, ಕಲ್ಲಿಗೆ ತಗುಲಿದರೂ ಬೇಗ ಸೀಳುವುದಿಲ್ಲ, ಬೆಲೆ ಕಡಿಮೆ. ಇನ್ನೊಂದು ಯುರೇಥೇನ್. ಇದು ಮೆತ್ತಗೆ. ವೆಜ್‌ನ ಗೀರುಗಳು ಇದನ್ನು ಕಚ್ಚಿ ಹಿಡಿಯುತ್ತವೆ. ಹಾಗಾಗಿ ಸ್ಪಿನ್ ಜಾಸ್ತಿ, ಗ್ರೀನ್ ಮೇಲೆ ಬಿದ್ದ ಚೆಂಡು ಒಂದೆರಡು ಪುಟಿತಕ್ಕೆ ನಿಲ್ಲುತ್ತದೆ. ಬೆಲೆಯೂ ಜಾಸ್ತಿ. ವೃತ್ತಿಪರರ ಟೂರ್ ಆಡುವವರೆಲ್ಲ ಯುರೇಥೇನ್ ಚೆಂಡನ್ನೇ ಆಡುವುದು.

ಕ್ಯಾಲವೇ ಸೂಪರ್‌ಸಾಫ್ಟ್, ಶ್ರಿಕ್ಸನ್ ಸಾಫ್ಟ್ ಫೀಲ್, ವಿಲ್ಸನ್ ಡ್ಯುಯೋ ಸಾಫ್ಟ್ ಇವೆಲ್ಲ ಟು ಪೀಸ್, ಐಯೋನೋಮರ್. ಟೈಟ್ಲಿಸ್ಟ್ ಪ್ರೊ ವಿ1, ಟೇಲರ್‌ಮೇಡ್ ಟಿಪಿ5 ಯುರೇಥೇನ್, ದುಬಾರಿ ಸಾಲಿನವು. ನಡುವೆ ಟೇಲರ್‌ಮೇಡ್ ಟೂರ್ ರೆಸ್ಪಾನ್ಸ್, ಶ್ರಿಕ್ಸನ್ ಕ್ಯೂ ಸ್ಟಾರ್ ಟೂರ್ ಥರದವು ಇವೆ. ಸಿಪ್ಪೆ ಯುರೇಥೇನ್, ಬೆಲೆ ಆ ಮೇಲಿನ ಸಾಲಿಗಿಂತ ಕಡಿಮೆ. ಈ ನಡುವಿನ ಸಾಲನ್ನು ನಮ್ಮಲ್ಲಿ ಬಹಳ ಜನ ನೋಡುವುದೇ ಇಲ್ಲ. ನೋಡಬೇಕು.

ಒಂದು ಎಚ್ಚರಿಕೆ. ಡಬ್ಬಿಯ ಮೇಲೆ 'ಸಾಫ್ಟ್' ಅಂತ ಇದ್ದ ಮಾತ್ರಕ್ಕೆ ಗ್ರೀನ್‌ನಲ್ಲಿ ನಿಲ್ಲುತ್ತದೆ ಅಂತಲ್ಲ. ಆ ಮೆತ್ತನೆ ಒಳಗಿನ ಉಂಡೆಯದು. ಸ್ಪಿನ್ ಕೊಡುವುದು ಹೊರಗಿನ ಸಿಪ್ಪೆ. ಎರಡೂ ಬೇರೆ ಬೇರೆ.

ಕಂಪ್ರೆಶನ್ ನಂಬರ್

ಚೆಂಡನ್ನು ಒತ್ತಿದರೆ ಎಷ್ಟು ಅದುಮಿಕೊಳ್ಳುತ್ತದೆ ಅನ್ನುವುದರ ಅಳತೆ ಕಂಪ್ರೆಶನ್. ತೀರಾ ಮೆತ್ತನೆಯವು 40ರ ಆಸುಪಾಸು, ಗಟ್ಟಿಯವು 100ರ ಹತ್ತಿರ. ನಿಧಾನವಾಗಿ ಬೀಸುವವರು ಮೆತ್ತನೆಯದನ್ನೇ ಆಡಬೇಕು ಅಂತ ಹಳೇ ಮಾತಿದೆ. ಅದನ್ನು ಶಾಸನದಂತೆ ಹಿಡಿಯಬೇಡಿ. ಮೆತ್ತನೆಯ ಚೆಂಡಿನಿಂದ ದೂರ ತಾನಾಗಿ ಹೆಚ್ಚುವುದಿಲ್ಲ. ಕೈಗೆ ಹಿತ ಅನ್ನಿಸುತ್ತದೆ, ಸ್ಪಿನ್ ಸ್ವಲ್ಪ ಕಡಿಮೆ ಇರುವುದರಿಂದ ಚೆಂಡು ಪಕ್ಕಕ್ಕೆ ಬಾಗಿ ಹೋಗುವ ಸ್ಲೈಸ್ ಒಂಚೂರು ತಗ್ಗಬಹುದು, ಅಷ್ಟೆ. ನನಗೆ ವಯಸ್ಸು ಅರವತ್ತರ ಹತ್ತಿರ, ಬೀಸು ನಿಧಾನವೇ. ಆದರೂ 80ರ ಮೇಲಿನ ಚೆಂಡು ಆಡುತ್ತೇನೆ. ಪಟರ್‌ಗೆ ತಗುಲಿದಾಗ ಬರುವ ಆ ಸದ್ದು ನನಗೆ ಬೇಕು.

ಮೂರು ಚೆಂಡು, ಒಂದು ಬೆಳಗ್ಗೆ

ಈಗ ಪರೀಕ್ಷೆ. ಇದನ್ನು ಸಾವಧಾನವಾಗಿ ಮಾಡಿ. ಉಳಿದ ಹಂತ ಬಿಟ್ಟರೂ ಇದನ್ನು ಬಿಡಬೇಡಿ.

ಡಜನ್ ಡಬ್ಬಿ ಕೊಳ್ಳಬೇಡಿ. ಡಜನ್‌ನ ಒಳಗೆ ಮೂರು ಮೂರು ಚೆಂಡಿನ ನಾಲ್ಕು ಪುಟ್ಟ ಪೊಟ್ಟಣ ಇರುತ್ತವೆ, ಸ್ಲೀವ್ ಅಂತಾರೆ. ಕೆಲವು ಕಡೆ ಸ್ಲೀವ್ ಬಿಡಿಯಾಗಿ ಕೊಡುತ್ತಾರೆ. ಇಲ್ಲದಿದ್ದರೆ ಜೊತೆ ಆಡುವವರ ಹತ್ತಿರ ಒಂದೊಂದು ಕೇಳಿ ಪಡೆಯಿರಿ. ಒಂದು ಟು ಪೀಸ್, ಒಂದು ನಡುವಿನ ಸಾಲಿನ ಯುರೇಥೇನ್, ಒಂದು ದುಬಾರಿ ಸಾಲಿನದು. ಮೂರೂ ಗೀರಿಲ್ಲದವು ಆಗಿರಲಿ. ಹಳೇದಕ್ಕೂ ಹೊಸದಕ್ಕೂ ಹೋಲಿಸಿದರೆ ಪರೀಕ್ಷೆ ಕೆಟ್ಟಂತೆ.

ನಾವು ಆಡುವುದು ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ. ರೇಸ್‌ಕೋರ್ಸ್ ಜಾಗದಲ್ಲಿ, ಎದುರಿಗೇ ಚಾಮುಂಡಿ ಬೆಟ್ಟ. ನಿಮ್ಮ ಕ್ಲಬ್ ಯಾವುದೇ ಇರಲಿ, ಅಭ್ಯಾಸದ ಗ್ರೀನ್‌ನಲ್ಲಿ ಚಿಪ್ ಮಾಡಬಹುದೇ ಅಂತ ಮೊದಲು ಕೇಳಿ. ಇಬ್ಬನಿ ಆರಿದ ಮೇಲೆ ಹೋಗಿ. ಒದ್ದೆ ಹುಲ್ಲಿನಲ್ಲಿ ಕ್ಲಬ್ಬಿಗೂ ಚೆಂಡಿಗೂ ನಡುವೆ ನೀರು ಸೇರಿ ಎಲ್ಲ ಚೆಂಡೂ ಒಂದೇ ಥರ ಜಾರುತ್ತವೆ.

ಮೂರೂ ಚೆಂಡಿನ ಹೆಸರನ್ನು ಜೊತೆಗಾರರ ಕೈಯಲ್ಲಿ ಮಾರ್ಕರ್‌ನಿಂದ ಮುಚ್ಚಿಸಿ. ಒಂದಕ್ಕೆ ಒಂದು ಚುಕ್ಕಿ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಯಾವ ಚುಕ್ಕಿ ಯಾವ ಕಂಪನಿ ಅಂತ ನಿಮ್ಮ ಜೊತೆಗಾರರಿಗೆ ಮಾತ್ರ ಗೊತ್ತಿರಲಿ. ಹೆಸರು ಕಂಡರೆ ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.

ಗ್ರೀನ್ ಅಂಚಿನಿಂದ ನಾಲ್ಕು ಹೆಜ್ಜೆ ಹೊರಗೆ ನಿಲ್ಲಿ. ಗ್ರೀನ್ ಒಳಗೆ ಎರಡು ಹೆಜ್ಜೆ ದೂರದಲ್ಲಿ ಒಂದು ಕರ್ಚೀಫ್ ಹಾಸಿ. ನೀವು ದಿನಾ ಬಳಸುವ ವೆಜ್ ತಗೊಂಡು ಕರ್ಚೀಫ್ ಮೇಲೆ ಬೀಳುವ ಹಾಗೆ ಚಿಪ್ ಮಾಡಿ. ಮೂರು ಚೆಂಡನ್ನೂ ಸರದಿಯಲ್ಲಿ, ಒಟ್ಟು ಐದು ಸುತ್ತು. ಬಿದ್ದ ಮೇಲೆ ಎಷ್ಟು ಹೆಜ್ಜೆ ಉರುಳಿತು ಅಂತ ಬರೆಯಿರಿ. ಕರ್ಚೀಫ್ ತಪ್ಪಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮತ್ತೆ ಹೊಡೆಯಿರಿ.

ಅಕ್ಕನ ಮಗ ಮಾಡಿದಾಗ ಒಂದು ಚುಕ್ಕಿಯ ಚೆಂಡು ಒಂಬತ್ತು, ಹತ್ತು ಹೆಜ್ಜೆ ಓಡಿತು. ಎರಡು ಮತ್ತು ಮೂರು ಚುಕ್ಕಿಯವು ಆರರ ಆಸುಪಾಸಿಗೆ ನಿಂತವು. ಮೂರನೇ ಸುತ್ತಿಗೆ ಅವನು ಹೆಜ್ಜೆ ಎಣಿಸುವುದನ್ನೇ ಬಿಟ್ಟು ಕಿವಿಗೊಟ್ಟ. "ಮಾವ, ಇದು ಟಕ್ ಅನ್ನುತ್ತೆ, ಅದು ಟಪ್ ಅನ್ನುತ್ತೆ" ಅಂದ. ಅದು ಸರಿಯಾದ ಗಮನಿಕೆ. ಟಕ್ ಅಂದದ್ದು ಐಯೋನೋಮರ್. ಎರಡು ಚುಕ್ಕಿಯ ನಡುವಿನ ಸಾಲಿನದಕ್ಕೂ ಮೂರು ಚುಕ್ಕಿಯ ದುಬಾರಿಯದಕ್ಕೂ ವ್ಯತ್ಯಾಸ ಅವನಿಗೆ ಹೇಳಲು ಆಗಲಿಲ್ಲ. ನನಗೂ ಹೊರಗಿನಿಂದ ಕಾಣಲಿಲ್ಲ. ಅಲ್ಲಿಗೆ ದುಬಾರಿ ಸಾಲು ಅವನ ಪಟ್ಟಿಯಿಂದ ಹೋಯಿತು. ಈ ಒಂದು ಬೆಳಗ್ಗೆ ಅವನಿಗೆ ವರ್ಷಕ್ಕೆ ಎಷ್ಟೋ ಸಾವಿರ ಉಳಿಸಿತು ಅಲ್ವಾ?

ಆಮೇಲೆ ಪಟ್. ಹತ್ತು ಅಡಿ ದೂರದಿಂದ ಹತ್ತು ಸಲ. ಪಟರ್‌ನಲ್ಲಿ ಸ್ಪಿನ್ ಮುಖ್ಯ ಅಲ್ಲ, ಕೈಗೆ ಸಿಗುವ ಸುಳಿವು ಮುಖ್ಯ. ಎಷ್ಟು ಜೋರಿಗೆ ಎಷ್ಟು ದೂರ ಅಂತ ಕೈಗೆ ಬೇಗ ಗೊತ್ತಾಗುವ ಚೆಂಡು ಯಾವುದು ನೋಡಿ. ಅದಾದ ಮೇಲೆ ಐವತ್ತು ಗಜದಿಂದ ಪಿಚ್, ಅಂದರೆ ಎತ್ತರಕ್ಕೆ ಎತ್ತಿ ಹೊಡೆಯುವುದು. ಕೊನೆಗೆ 7 ಐರನ್ ಕೋಲು, ಅದೂ ಸಾಧ್ಯವಾದರೆ. ಡ್ರೈವರ್‌ನಿಂದ ಪರೀಕ್ಷೆ ಮಾಡುವ ಅಗತ್ಯ ಇಲ್ಲ ಅಂತಲೇ ನಾನು ಹೇಳುತ್ತೇನೆ. ಒಳ್ಳೆಯ ಚೆಂಡುಗಳ ನಡುವೆ ಡ್ರೈವರ್‌ನಲ್ಲಿ ಬರುವ ವ್ಯತ್ಯಾಸ ಕೆಲವೇ ಗಜ. ನಮ್ಮಂಥವರ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ಜಾಸ್ತಿ.

ಹುಲ್ಲಿನ ಬಗ್ಗೆಯೂ ಒಂದು ಮಾತು. ಗಾಲ್ಫ್‌ನವರು ಬರ್ಮುಡಾ ಗ್ರಾಸ್ ಅನ್ನುವುದು ಬೇರೇನಲ್ಲ, ನಾವು ಗಣೇಶನಿಗೆ ಏರಿಸುವ ಗರಿಕೆಯೇ. ಉದ್ದ ಬೆಳೆದ ಗರಿಕೆಯಲ್ಲಿ ಚೆಂಡು ಕೂತರೆ ಕ್ಲಬ್ಬಿಗೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಳ್ಳುತ್ತದೆ. ಆಗ ಎಷ್ಟು ದುಬಾರಿ ಯುರೇಥೇನ್ ಆದರೂ ಸ್ಪಿನ್ ಕಡಿಮೆಯೇ. ಹಾಗಾಗಿ ನೀವು ಜಾಸ್ತಿ ರಫ್ ಅನ್ನುವ ಉದ್ದ ಹುಲ್ಲಿನಿಂದಲೇ ಆಡುತ್ತೀರಾದರೆ ಯುರೇಥೇನ್‌ನ ಲಾಭ ನಿಮಗೆ ಅರ್ಧ ಮಾತ್ರ ಸಿಗುತ್ತದೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ನೆಲ ಗಟ್ಟಿಯಾದಾಗ, ಹುಲ್ಲು ಕತ್ತರಿಸಿದ ಫೇರ್‌ವೇಯಿಂದ ಹೊಡೆದ ಚೆಂಡು ಗ್ರೀನ್‌ನಲ್ಲಿ ನಿಲ್ಲಬೇಕಾದರೆ ಯುರೇಥೇನ್‌ನ ಬೆಲೆ ಗೊತ್ತಾಗುತ್ತದೆ.

ಈಗ ತೀರ್ಮಾನ

ರೌಂಡ್‌ಗೆ ನಾಲ್ಕಕ್ಕಿಂತ ಜಾಸ್ತಿ ಕಳೆಯುತ್ತೀರಾ? ಟು ಪೀಸ್ ಐಯೋನೋಮರ್ ತಗೊಳ್ಳಿ, ಬೇರೆ ಯೋಚನೆ ಬೇಡ. ಎರಡು ಮೂರು ಕಳೆಯುತ್ತೀರಾ, ಚಿಪ್ ಮಾಡುವುದು ಈಗೀಗ ಕೈಗೆ ಹತ್ತುತ್ತಿದೆಯಾ? ನಡುವಿನ ಸಾಲಿನ ಯುರೇಥೇನ್. ಒಂದೇ ಚೆಂಡಿನಲ್ಲಿ ಒಂಬತ್ತು ಹೋಲ್ ಮುಗಿಸುವವರು ದುಬಾರಿ ಸಾಲಿಗೆ ಹೋಗಬಹುದು. ಹೋಗಲೇಬೇಕು ಅಂತ ಇಲ್ಲ.

ಮಕ್ಕಳಿಗೆ ಕೊಳ್ಳುವವರು ಹೆಸರಿನ ಹಿಂದೆ ಓಡಬೇಡಿ. ಮೈಸೂರಿನ ಹುಡುಗಿ ಪ್ರಣವಿ ಅರಸ್ ಇವತ್ತು ಯುರೋಪಿನ ಮಹಿಳಾ ಟೂರ್‌ನಲ್ಲಿ ಆಡುತ್ತಿದ್ದಾರೆ. ಅವರನ್ನು ನೋಡಿ ಎಷ್ಟೋ ಮನೆಯ ಮಕ್ಕಳಿಗೆ ಆಸೆ ಹುಟ್ಟಿದೆ. ಆ ಆಸೆಗೆ ಬೇಕಾದ್ದು ದುಬಾರಿ ಚೆಂಡಲ್ಲ, ಒಂದೇ ಬಗೆಯ ಚೆಂಡು ಸಾಕಷ್ಟು. ಟು ಪೀಸ್ ಎರಡು ಡಜನ್ ಕೊಡಿಸಿ.

ತೀರ್ಮಾನ ಆದ ಮೇಲೆ ಹತ್ತು ರೌಂಡ್ ಬದಲಾಯಿಸಬೇಡಿ. ಹೋಲ್ ಮುಗಿದ ಮೇಲೆ ಬೇರೆ ಬಗೆಯ ಚೆಂಡು ತೆಗೆಯಲು ಸಾಮಾನ್ಯವಾಗಿ ನಿಯಮದ ಅಡ್ಡಿ ಇಲ್ಲ. ಆದರೂ ನೀವು ತೆಗೆಯಬೇಡಿ.

ಎಲ್ಲಿ ಕೊಳ್ಳುವುದು

ಕ್ಲಬ್‌ನಲ್ಲೇ ಸಿಗುತ್ತದೆಯೇ ಮೊದಲು ವಿಚಾರಿಸಿ. ಹೊಸಬರಿಗೆ ಡೆಕಾತ್ಲಾನ್‌ನ ಇನೆಸಿಸ್ ಚೆಂಡು ಒಳ್ಳೆಯ ಶುರುವಾತು. ಉಳಿದದ್ದು ಬೆಂಗಳೂರಿನ ಗಾಲ್ಫ್ ಅಂಗಡಿ ಅಥವಾ ಆನ್‌ಲೈನ್. ಆನ್‌ಲೈನ್ ಆದರೆ ಡಬ್ಬಿಯ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ ಇರುವ ಚೀಟಿ ಇದೆಯೇ ನೋಡಿ. ಇಲ್ಲಿ ಮಾರುವ ಆಮದು ಡಬ್ಬಿಗೆ ಅದು ಇರಲೇಬೇಕು. ಚೀಟಿ ಇಲ್ಲ, ಬೆಲೆ ಅರ್ಧ ಅಂದರೆ ಬೇಡ.

ಅಮೆರಿಕದಲ್ಲಿ ಮಗಳೋ ಮಗನೋ ಇರುವ ಮನೆ ಮೈಸೂರಿನಲ್ಲಿ ಬೀದಿಗೆ ನಾಲ್ಕು. ಅವರು ಬರುವಾಗ ಒಂದೆರಡು ಡಜನ್ ತರಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಒಂದು ಡಜನ್ ಚೆಂಡಿನ ತೂಕ 550 ಗ್ರಾಂ ಆಸುಪಾಸು, ಡಬ್ಬಿ ಸೇರಿ ಇನ್ನೊಂದಿಷ್ಟು. ಎರಡು ಡಜನ್‌ಗಿಂತ ಜಾಸ್ತಿ ಹೇಳಿ ಮಕ್ಕಳ ಸೂಟ್‌ಕೇಸ್‌ಗೆ ಭಾರ ಮಾಡಬೇಡಿ.

ದುಡ್ಡು ಉಳಿಸುವ ದಾರಿ ಇನ್ನೊಂದಿದೆ. ಕಂಪನಿಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತವೆ. ಪ್ರೊ ವಿ1 ಆದರೆ 2019, 2021, 2023, 2025 ಹೀಗೆ. ಹೊಸದು ಬರುವಾಗ ಹಿಂದಿನದರ ಬೆಲೆ ಇಳಿಯುತ್ತದೆ. ನಮ್ಮ ಆಟಕ್ಕೆ ಆ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಆಗ ಎರಡು ಡಜನ್ ತೆಗೆದಿಡಿ.

ಆಡಿದ ಚೆಂಡು ಕೊಳ್ಳುವಾಗ

ಆಡಿದ ಚೆಂಡು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ತೊಳೆದ ಚೆಂಡಿಗೂ ಬಣ್ಣ ಬಳಿದ ಚೆಂಡಿಗೂ ಇರುವ ವ್ಯತ್ಯಾಸ ತಿಳಿದಿರಬೇಕು. ರಿಸೈಕಲ್ಡ್ ಅಂದರೆ ಕೆರೆಯಿಂದ, ಪೊದೆಯಿಂದ ಹೆಕ್ಕಿ, ತೊಳೆದು, ದರ್ಜೆ ಮಾಡಿ ಮಾರುವುದು. ರಿಫರ್ಬಿಶ್ಡ್ ಅಂದರೆ ಮೇಲಿನ ಪದರ ಕೆರೆದು, ಹೊಸ ಬಣ್ಣ ಹೊಡೆದು, ಹೆಸರು ಮತ್ತೆ ಅಚ್ಚು ಹಾಕಿದ್ದು. ಬಣ್ಣ ಗುಳಿಯೊಳಗೆ ಕೂತರೆ ಗುಳಿಯ ಆಳವೇ ಬದಲಾಗುತ್ತದೆ. ಹಾರಾಟ ಕೆಡುತ್ತದೆ.

ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ 'ಹೊಸದರಂತಿದೆ' ಅಂತ ಒಂದು ಡಜನ್ ತರಿಸಿದ್ದೆ. ಹಾಲಿನಂತೆ ಬಿಳುಪು, ಹೊಳಪು. ಎರಡನೇ ಬಂಕರ್ ಹೊಡೆತಕ್ಕೆ ಉಗುರಿನಷ್ಟು ಬಣ್ಣ ಎದ್ದುಬಂತು. ಮನೆಗೆ ತಂದು ಹೆಬ್ಬೆರಳಿನಿಂದ ಉಜ್ಜಿದರೆ ಕೆಳಗೆ ಯಾವುದೋ ಹೋಟೆಲಿನ ಲೋಗೋ ಕಂಡಿತು. ಡಜನ್‌ನಲ್ಲಿ ಏಳು ಹಾಗೇ ಇದ್ದವು. ದುಡ್ಡು ವಾಪಸ್ ಬರಲಿಲ್ಲ, ನನಗೆ ಬಹಳ ಬೇಜಾರಾಯಿತು. ಅಂದಿನಿಂದ ಆಡಿದ ಚೆಂಡು ಬಂದರೆ ಮೂರು ಕೆಲಸ ಮಾಡುತ್ತೇನೆ.

ಮೊದಲು ಬಿಸಿಲಿಗೆ ಹಿಡಿದು ಗುಳಿಯ ಅಂಚು ನೋಡುವುದು. ಚೂಪಾಗಿದ್ದರೆ ಸರಿ, ಮೊಂಡಾಗಿ ತುಂಬಿಕೊಂಡಂತಿದ್ದರೆ ಬಣ್ಣ ಬಳಿದದ್ದು. ಎರಡನೆಯದು ಅಡುಗೆಮನೆಯ ತಕ್ಕಡಿ. 45, 46 ಗ್ರಾಂ ತೋರಿಸಬೇಕು.

ಮೂರನೆಯದು ಉಪ್ಪುನೀರು. ಗಾಲ್ಫ್ ಚೆಂಡು ನೀರಿಗಿಂತ ಸ್ವಲ್ಪವೇ ಭಾರ, ಹಾಗಾಗಿ ನೀರಲ್ಲಿ ಮುಳುಗುತ್ತದೆ, ಗಟ್ಟಿ ಉಪ್ಪುನೀರಲ್ಲಿ ತೇಲುತ್ತದೆ. ಒಂದು ಸ್ಟೀಲ್ ಪಾತ್ರೆಗೆ ಒಂದು ಲೀಟರ್ ಉಗುರುಬೆಚ್ಚಗಿನ ನೀರು ಹಾಕಿ, ಕಾಲು ಕೆಜಿ ಉಪ್ಪು ಕರಗಿಸಿ. ಚೆಂಡು ಇನ್ನೂ ತಳ ಹಿಡಿದಿದ್ದರೆ ಇನ್ನೊಂದು ಹಿಡಿ ಉಪ್ಪು. ತೇಲಿದ ಮೇಲೆ ನೆತ್ತಿಗೆ ಮಾರ್ಕರ್‌ನಿಂದ ಚುಕ್ಕಿ ಇಡಿ. ಬೆರಳಿನಿಂದ ತಿರುಗಿಸಿ ಬಿಡಿ. ನಾಲ್ಕೈದು ಸಲ ಹಾಗೆ ಮಾಡಿ. ಚುಕ್ಕಿ ಪ್ರತಿ ಸಲವೂ ಬೇರೆ ಬೇರೆ ಕಡೆ ನಿಂತರೆ ಚೆಂಡಿನ ತೂಕ ಎಲ್ಲ ಕಡೆ ಸಮ ಇದೆ. ಎಷ್ಟು ತಿರುಗಿಸಿದರೂ ಚುಕ್ಕಿ ಬೇಗನೆ ಅದೇ ನೆತ್ತಿಗೆ ಬಂದು ನಿಂತರೆ ಚೆಂಡಿನ ಒಂದು ಪಕ್ಕ ಭಾರ. ಅದನ್ನು ಅಭ್ಯಾಸಕ್ಕೆ ಇಡಿ, ಪಟ್ ಮಾಡಲು ಬೇಡ. ಹೊಸ ಚೆಂಡಿಗೆ ಇಷ್ಟೆಲ್ಲ ಬೇಕಿಲ್ಲ. ಕೆಲಸ ಮುಗಿದ ಮೇಲೆ ಚೆಂಡನ್ನೂ ಪಾತ್ರೆಯನ್ನೂ ಒಳ್ಳೆ ನೀರಲ್ಲಿ ತೊಳೆಯಿರಿ, ಉಪ್ಪು ಸ್ಟೀಲ್‌ಗೆ ಒಳ್ಳೆಯದಲ್ಲ.

ಕೋರ್ಸ್‌ನಲ್ಲಿ ಸಿಕ್ಕ ಚೆಂಡನ್ನು ಬ್ಯಾಗ್ ಹೊರುವ ಕ್ಯಾಡಿಗಳು ಕೊಡುವುದುಂಟು. "ಸಾರ್, ಇದು ಬೇಲಿ ಹತ್ರ ಸಿಕ್ತು, ನೀವು ಆಡೋ ಬಾಲೇ ನೋಡಿ" ಅಂತ ತಂದುಕೊಡುತ್ತಾರೆ. ಈ ಬಗ್ಗೆ ನಿಮ್ಮ ಕ್ಲಬ್‌ನ ಪದ್ಧತಿ ತಿಳಿದುಕೊಳ್ಳಿ. ಕೊಳ್ಳುವುದಾದರೆ ಚೌಕಾಸಿ ಮಾಡದೆ ನ್ಯಾಯವಾದ ಬೆಲೆ ಕೊಡಿ. ನೀವು ಯಾವ ಚೆಂಡು ಆಡುತ್ತೀರಿ ಅಂತ ನೆನಪಿಟ್ಟುಕೊಂಡು, ಮುಳ್ಳುಪೊದೆಯಲ್ಲಿ ಕೈ ಹಾಕಿ ತಂದಿರುತ್ತಾರೆ.

ಗುರುತು

ಚೆಂಡಿನ ಮೇಲಿರುವ 1, 2, 3, 4 ಅನ್ನುವ ನಂಬರ್ ಗುಣಮಟ್ಟದ್ದಲ್ಲ. ಗುರುತಿಗೆ ಮಾತ್ರ. ಜೊತೆಗಾರರೂ ಅದೇ ಕಂಪನಿ, ಅದೇ ನಂಬರ್ ತಂದಿರಬಹುದು. ಅದಕ್ಕೇ ಮೊದಲ ಹೊಡೆತಕ್ಕೆ ಮುಂಚೆ ನಿಮ್ಮದೇ ಗುರುತು ಹಾಕಿ, ಜೊತೆಗಾರರಿಗೆ ಹೇಳಿ. ಬೇರೆಯವರ ಚೆಂಡು ಹೊಡೆದರೆ ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಎರಡು ಹೊಡೆತದ ದಂಡ. ಕಳೆದ ಚೆಂಡು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ಪೊದೆಯೊಳಗೆ ಅರ್ಧ ಕಾಣುವ ಚೆಂಡು ನಿಮ್ಮದು ಅಂತ ಥಟ್ಟನೆ ಹೇಳಲು ಗುರುತು ಎದ್ದು ಕಾಣಬೇಕು. ನಾನು ಎರಡು ಕೆಂಪು ಚುಕ್ಕಿ, ನಡುವೆ ಒಂದು ಹಸಿರು ಗೆರೆ ಹಾಕುತ್ತೇನೆ. ನಾಲ್ಕು ಕಡೆ.

ಕಣ್ಣು ಮಂಜಾಗುತ್ತಿರುವವರಿಗೆ ಹಳದಿ ಚೆಂಡು ಒಳ್ಳೆಯದು, ಹಸಿರು ಹುಲ್ಲಿನಲ್ಲಿ ದೂರದಿಂದಲೇ ಕಾಣುತ್ತದೆ. ಮರದಡಿ ಹಳದಿ ಹೂವು ಉದುರಿ ಹಾಸಿದಂತಿರುವ ಕಾಲದಲ್ಲಿ ಮಾತ್ರ ಬಿಳಿಗೆ ಬನ್ನಿ.

ಕೊಂಡ ಚೆಂಡನ್ನು ಕಾರಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಬೇಸಿಗೆಯಲ್ಲಿ ಒಳಗಿನ ಬಿಸಿ ರಬ್ಬರ್‌ಗೆ ಒಳ್ಳೆಯದಲ್ಲ. ಮನೆಯೊಳಗೆ, ನೆರಳಲ್ಲಿ ಇಟ್ಟರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ.

ಇನ್ನು ಮಂಚದ ಮೇಲೆ ಉಳಿದವು. ಅಕ್ಕನ ಮಗನ 23ರಲ್ಲಿ ನಾಲ್ಕಕ್ಕೆ ಸಿಪ್ಪೆ ಸೀಳಿತ್ತು, ಅವನ್ನು ಎಸೆದೆವು. ಹನ್ನೊಂದು ಚಿಪ್ ಅಭ್ಯಾಸಕ್ಕೆ ಒಂದು ಬಟ್ಟೆ ಚೀಲಕ್ಕೆ ಹೋದವು. ಆರು ಚೆನ್ನಾಗಿದ್ದವು, ಆದರೆ ಬೇರೆ ಬೇರೆ ಬಗೆ. ಮಂಡ್ಯದಲ್ಲಿ ಅವನ ಜೊತೆ ಹೊಸದಾಗಿ ಆಟ ಶುರು ಮಾಡಿರುವ ಹುಡುಗನಿಗೆ ಕೊಡುತ್ತೇನೆ ಅಂದ. ಉಳಿದ ಎರಡು, ಪರೀಕ್ಷೆಯಲ್ಲಿ ಎರಡು ಚುಕ್ಕಿಯ ಚೆಂಡು ಇತ್ತಲ್ಲ, ಅದೇ ಬಗೆ. ಅವೆರಡನ್ನೂ ಬ್ಯಾಗ್‌ಗೆ ಹಾಕಿಕೊಂಡು, ಅದೇ ಸಂಜೆ ಅದೇ ಹೆಸರಿನ ಒಂದು ಡಜನ್‌ಗೆ ಆರ್ಡರ್ ಹಾಕಿದ.